ಗೇಣಿನ ಲೆಕ್ಕದ ಅಂಗಡಿಗಳು

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಅಂಗಡಿಗಳ ವಿಚಾರವಾಗಿ ಮಾತನಾಡುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಾಡು ನುಡಿ, ಕವಿ ಕಾವ್ಯ, ಇವು ಈ ದಿನಕ್ಕೆ ಸಲ್ಲುವ ವಿಷಯಗಳು. ಬಟ್ಟೆ ಬರೆ, ಪಾತ್ರೆ ಪದಾರ್ಥಗಳ ಮಾತು ಸಂತೆಗೆ ಸಲ್ಲುವುದೇ ಹೊರತು ಸಭೆಗಲ್ಲ ಎಂಬುದು ವಾಡಿಕೆಯ ಅಭಿಪ್ರಾಯ. ಆದರೆ ನಾಡೆಂಬುದು ಪುಸ್ತಕದ ಕಪಾಟಿನಲ್ಲಿ ಮಾತ್ರ ವಾಸಮಾಡುವುದಿಲ್ಲ. ಅಜ್ಜಿಯ ಕಾಲದ ತಾಮ್ರದ ಹಂಡೆಯಲ್ಲಿ, ಇಳಕಲ್ಲಿನ ಸೀರೆಯ ಸೆರಗಿನಲ್ಲಿ, ಚನ್ನಪಟ್ಟಣದ ಬೊಂಬೆಯ ಬಣ್ಣದಲ್ಲಿಯೂ ಅದು ಮನೆಮಾಡಿಕೊಂಡಿದೆ. ನಮ್ಮ ಕೈಗೆ ಬರುವ ಒಂದೊಂದು ವಸ್ತುವೂ ಯಾವುದೋ ಊರಿನಿಂದ, ಯಾರದೋ ಕೈಯಿಂದ ಬಂದದ್ದೇ ಅಲ್ಲವೆ?

ಇನ್ನೊಂದು ಕಾರಣವೂ ಉಂಟು. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದಂತೆ, ಅದೇ ದಿನ ಕೇರಳವೂ ಜನ್ಮತಾಳಿತು. ನಾವು ಇಲ್ಲಿ ರಾಜ್ಯೋತ್ಸವವನ್ನು ಆಚರಿಸುವ ಹೊತ್ತಿಗೆ ನೆರೆಮನೆಯವರು ಕೇರಳಪ್ಪಿರವಿಯನ್ನು ಆಚರಿಸುತ್ತಿರುತ್ತಾರೆ. ಒಂದೇ ದಿನ ಹುಟ್ಟಿದ ಇಬ್ಬರು ಮಕ್ಕಳು ಒಬ್ಬರ ಅಂಗಳವನ್ನೊಬ್ಬರು ನೋಡದೆ ಬೆಳೆಯುವುದು ಲೇಸಲ್ಲ. ಆದುದರಿಂದ, ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ಇರುವ ಕೆಲವು ಸಣ್ಣ ಅಂಗಡಿಗಳ ಕಡೆಗೆ ತಮ್ಮನ್ನು ಕರೆದುಕೊಂಡು ಹೋಗಿ, ಕೊನೆಗೆ ನಮ್ಮ ಸಂಘದ ಮುಂದೆ ಒಂದು ಚಿಕ್ಕ ಸಲಹೆಯನ್ನು ಇಡಬೇಕೆಂದು ನಮ್ಮ ಇಚ್ಛೆ.

ವಿಲ್ಲಿಂಗ್ಡನ್ ಐಲ್ಯಾಂಡಿನಿಂದಲೇ ಹೊರಡೋಣ. ಈ ದ್ವೀಪವನ್ನು ದೇವರು ಸೃಷ್ಟಿಸಲಿಲ್ಲ, ಮನುಷ್ಯರು ಮಾಡಿದರು. ೧೯೨೦ರಲ್ಲಿ ಕೊಚ್ಚಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು ಅಳಿವೆಯ ಬಾಯಿಗೆ ಅಡ್ಡವಾಗಿ ಕುಳಿತಿದ್ದ ಮರಳದಿಬ್ಬವನ್ನು ಕಡಿಸಿ, ಹಿನ್ನೀರನ್ನು ಆಳಗೊಳಿಸಿ, ದೊಡ್ಡ ಹಡಗುಗಳಿಗೆ ದಾರಿಮಾಡಿದರು. ೧೯೨೮ರ ಮೇ ೨೬ರಂದು ಪದ್ಮಾ ಎಂಬ ಹಡಗು ಒಳಬಂದರನ್ನು ಪ್ರವೇಶಿಸಿತು. ತಳದಿಂದ ತೆಗೆದ ಹೂಳನ್ನೇ ಒಟ್ಟಿ ಕಟ್ಟಿದ ನೆಲಕ್ಕೆ ವೈಸರಾಯ್ ಲಾರ್ಡ್ ವಿಲ್ಲಿಂಗ್ಡನ್ನರ ಹೆಸರಾಯಿತು. ರೈಲು ಬಂದಿತು, ನೌಕಾಪಡೆ ಬಂದಿತು, ವಿಮಾನ ನಿಲ್ದಾಣವೂ ಬಂದಿತು. ೧೯೯೯ರಲ್ಲಿ ನೆಡುಂಬಾಶ್ಶೇರಿಯ ನಿಲ್ದಾಣ ತೆರೆಯುವವರೆಗೆ ಕೊಚ್ಚಿಗೆ ಬರುವ ಪ್ರಯಾಣಿಕರ ವಿಮಾನಗಳು ಇಳಿಯುತ್ತಿದ್ದುದು ಇಲ್ಲಿಯೇ. ೨೦೧೧ರಲ್ಲಿ ಕಂಟೇನರುಗಳ ವ್ಯವಹಾರವು ಎದುರಿಗಿರುವ ವಲ್ಲಾರ್‌ಪಾಡಕ್ಕೆ ಹೋಯಿತು.

ಈ ದ್ವೀಪದ ಉಗ್ರಾಣಗಳ ಸಾಲಿನಲ್ಲಿ ನಡೆದರೆ ವ್ಯಾಪಾರದ ಒಂದು ಮುಖ ಕಾಣುವುದು. ಕೊಚ್ಚಿಯ ಚಹಾದ ಹರಾಜು ೧೯೪೭ರಿಂದ ನಡೆದುಬಂದಿದೆ. ಬೆಟ್ಟದ ಮೇಲೆ ಯಾವಳೋ ಹೆಣ್ಣುಮಗಳು ಬೆರಳ ತುದಿಯಿಂದ ಚಿವುಟಿದ ಎರಡೆಲೆ ಒಂದು ಕುಡಿ, ಇಲ್ಲಿಗೆ ಬರುವ ಹೊತ್ತಿಗೆ ಚೀಲದ ಸಂಖ್ಯೆಯಾಗಿ, ದರ್ಜೆಯಾಗಿ, ಕಿಲೋವಿನ ದರವಾಗಿರುತ್ತದೆ. ಇದು ಟನ್ನಿನ ಲೆಕ್ಕ. ಟನ್ನಿನ ಲೆಕ್ಕವನ್ನು ನಾವು ಹಳಿಯುವುದಿಲ್ಲ. ಅದಿಲ್ಲದಿದ್ದರೆ ಈ ಬಂದರಿಲ್ಲ, ಬಂದರಿಲ್ಲದಿದ್ದರೆ ಇಲ್ಲಿ ಕುಳಿತಿರುವವರಲ್ಲಿ ಅನೇಕರಿಗೆ ಉದ್ಯೋಗವಿಲ್ಲ. ಆದರೆ ಅದರಲ್ಲಿ ಮಾಡಿದವರ ಮುಖವು ಅಳಿಸಿಹೋಗುವುದೆಂಬುದೂ ನಿಜ.

ಇದೇ ನೀರಿನ ಆಚೆ ದಡದಲ್ಲಿ ಇನ್ನೊಂದು ಲೆಕ್ಕವುಂಟು. ಅದು ಗೇಣಿನ ಲೆಕ್ಕ: ಕೈಯಿಂದ ಅಳೆದು, ಕೈಯಿಂದ ಮಾಡಿ, ಕೈಯಿಂದ ಕೈಗೆ ಕೊಡುವ ಲೆಕ್ಕ. ತೋಪ್ಪುಂಪಡಿಯ ಸೇತುವೆಯನ್ನು ದಾಟಿಯೋ, ದೋಣಿ ಹತ್ತಿಯೋ ಮಟ್ಟಾಂಚೇರಿಗೂ ಫೋರ್ಟ್ ಕೊಚ್ಚಿಗೂ ಹೋದರೆ ಆ ಲೆಕ್ಕದ ಅಂಗಡಿಗಳು ಗಲ್ಲಿಗಲ್ಲಿಯಲ್ಲಿ ಸಿಕ್ಕುತ್ತವೆ. ಅವುಗಳಲ್ಲಿ ಕೆಲವಕ್ಕೆ ಸರಿಯಾದ ಫಲಕವೂ ಇಲ್ಲ. ಕೆಲವು ಮನೆಯ ಮುಂದಿನ ಕೋಣೆ, ಕೆಲವು ಹಳೆಯ ಮೆಣಸಿನ ಉಗ್ರಾಣ. ಮೇಲೆ ಮಂಗಳೂರು ಹಂಚೆಂದೇ ಹೆಸರಾದ ಹಂಚು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಪಡುವಣ ಕರಾವಳಿಯ ಮಾಡುಗಳೆಲ್ಲ ಕೆಂಪಾದುವು. ಹೀಗೆ ತಲೆಯೆತ್ತಿ ನೋಡಿದರೆ ಇಲ್ಲಿಯೂ ನಮ್ಮ ನೇತ್ರಾವತಿಯ ಜೇಡಿಯ ನೆನಪು ಬರುತ್ತದೆ.

ಮಟ್ಟಾಂಚೇರಿಯ ಯೆಹೂದಿ ಬೀದಿಯನ್ನು ನೋಡದವರು ತಮ್ಮಲ್ಲಿ ವಿರಳ. ೧೫೬೮ರಲ್ಲಿ ಕಟ್ಟಿದ ಪರದೇಶಿ ಸಿನಗಾಗು ಆ ಬೀದಿಯ ತುದಿಯಲ್ಲಿದೆ. ಇಸ್ರೇಲ್ ರಾಷ್ಟ್ರವು ೧೯೪೮ರಲ್ಲಿ ಸ್ಥಾಪಿತವಾದ ತರುವಾಯ ಇಲ್ಲಿಯ ಯೆಹೂದಿಗಳು ಒಬ್ಬೊಬ್ಬರಾಗಿ, ಸಂಸಾರ ಸಂಸಾರವಾಗಿ ಹೊರಟುಹೋದರು. ಹೋಗದೆ ಉಳಿದವರಲ್ಲಿ ಸಾರಾ ಕೋಹೆನ್ ಎಂಬವರೊಬ್ಬರು. ಅವರು ತಮ್ಮ ಮನೆಯ ಮುಂಭಾಗದಲ್ಲಿಯೇ ಕಸೂತಿಯ ಅಂಗಡಿ ಇಟ್ಟಿದ್ದರು. ಸಬ್ಬತ್ತಿನ ರೊಟ್ಟಿಯನ್ನು ಮುಚ್ಚುವ ವಸ್ತ್ರ, ಪ್ರಾರ್ಥನೆಯ ಕಾಲಕ್ಕೆ ಧರಿಸುವ ಚಿಕ್ಕ ಟೋಪಿ, ಕೈವಸ್ತ್ರ, ಇಂಥವೇ ಸರಕು. ಆ ಸರಕನ್ನು ಧರ್ಮಾರ್ಥವಾಗಿ ಕೊಳ್ಳುವ ಸ್ಥಳೀಯ ಗಿರಾಕಿಗಳು ವರ್ಷವರ್ಷಕ್ಕೆ ಕಡಮೆಯಾದರೂ ಸೂಜಿ ನಿಲ್ಲಲಿಲ್ಲ. ಬೀದಿಯಲ್ಲಿ ಸಣ್ಣಪುಟ್ಟ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ಮುಸಲ್ಮಾನ ಹುಡುಗನು ಆ ಮನೆಗೆ ಬಳಕೆಯಾದನು. ದಂಪತಿಗಳ ವಿಶ್ವಾಸಕ್ಕೆ ಪಾತ್ರನಾದನು. ಬೆಳೆದು, ಪತಿ ತೀರಿಕೊಂಡ ಮೇಲೆ ಮುದುಕಿಗೆ ಆಸರೆಯಾಗಿ ಅಂಗಡಿಯನ್ನೂ ನೋಡಿಕೊಂಡನು. ಸಾರಾ ಕೋಹೆನ್ ೨೦೧೯ರ ಆಗಸ್ಟ್ ೩೦ರಂದು ತಮ್ಮ ೯೬ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು.

ಈ ಸಂಗತಿಯನ್ನು ನಾವು ಕರುಣರಸಕ್ಕಾಗಿ ಹೇಳಲಿಲ್ಲ. ಅಂಗಡಿಯೆಂದರೆ ಏನೆಂಬುದು ಇದರಿಂದ ತಿಳಿಯುತ್ತದೆ. ಆ ರೊಟ್ಟಿಯ ಹೊದಿಕೆಯನ್ನು ಕೊಂಡವನಿಗೆ ಅದನ್ನು ಹೊಲಿದವರಾರು, ಏತಕ್ಕಾಗಿ ಹೊಲಿದರು, ಅದರ ಮೇಲಿನ ಅಕ್ಷರಕ್ಕೆ ಅರ್ಥವೇನು ಎಂಬುದು ಕೊಟ್ಟವರ ಬಾಯಿಂದಲೇ ಗೊತ್ತಾಗುತ್ತಿತ್ತು. ವಸ್ತುವಿನೊಡನೆ ಮಾತೂ ಬರುತ್ತಿತ್ತು. ಅದೇ ಬೀದಿಯಲ್ಲಿ ಇಂದು ಎಲ್ಲಿಯೋ ಅಚ್ಚೊತ್ತಿ ರಾಶಿರಾಶಿಯಾಗಿ ತಂದ ಆನೆ, ಒಂಟೆ, ಉಗುರಿನಷ್ಟು ದೊಡ್ಡ ಕಥಕಳಿಯ ಮುಖಗಳೂ ಮಾರಾಟಕ್ಕಿವೆ. ಅವುಗಳನ್ನು ಮಾರುವವನನ್ನು “ಇದನ್ನು ಮಾಡಿದವರು ಯಾರಪ್ಪ?” ಎಂದು ಕೇಳಿ ನೋಡಿ. ಬಾಯಿ ಬರುವುದಿಲ್ಲ. ಬೆಲೆಯನ್ನು ಮಾತ್ರ ಹೇಳುತ್ತಾನೆ. ವಸ್ತುವಿನ ಮಾತು ನಿಂತುಹೋದಾಗ ಉಳಿಯುವುದು ಬೆಲೆಯೊಂದೇ.

ಅದೇ ಬೀದಿಯಲ್ಲಿ ಹಳೆಯ ಸಾಮಾನಿನ ಅಂಗಡಿಗಳೂ ಇವೆ. ಒಳಹೊಕ್ಕರೆ ಒಂದು ಊರನ್ನೇ ಬಿಚ್ಚಿ ಒಟ್ಟಿದಂತೆ ಕಾಣುವುದು. ಕಂಚಿನ ಉರುಳಿ, ಪಿಂಗಾಣಿ ಭರಣಿ, ಹಿತ್ತಾಳೆಯ ಕಟ್ಟುಗಳಿರುವ ನೆಟ್ಟೂರು ಪೆಟ್ಟಿಗೆ, ಹಡಗಿನ ಲಾಂದ್ರ, ಕೆತ್ತನೆಯ ಬಾಗಿಲುವಾಡ. ಉರುಳಿ, ಭರಣಿ ಎಂಬ ಹೆಸರುಗಳನ್ನು ಕೇಳಿದೊಡನೆ ದಕ್ಷಿಣ ಕನ್ನಡದವರಿಗೆ ತಮ್ಮ ಅಡುಗೆಮನೆಯ ನೆನಪಾಗುವುದು. ಅವಿಭಕ್ತ ಕುಟುಂಬಗಳು ಒಡೆದು, ತರವಾಡುಗಳು ಉರುಳಿ, ನೂರು ಮಂದಿಗೆ ಪಾಯಸ ಬೇಯಿಸಿದ ಪಾತ್ರೆಗೆ ಮನೆಯಲ್ಲಿ ಒಲೆಯಿಲ್ಲದೆ ಹೋದಾಗ ಅದು ಇಲ್ಲಿಗೆ ಬಂದು ಸೇರಿತು. ಈಗ ದೊಡ್ಡ ಹೋಟೆಲುಗಳ ಪಡಸಾಲೆಯಲ್ಲಿ ಅಂಥದೇ ಉರುಳಿಯಲ್ಲಿ ನೀರು ತುಂಬಿ ಹೂ ತೇಲಿಬಿಡುತ್ತಾರೆ. ಪಾಯಸದ ಪಾತ್ರೆಗೆ ಹೂವಿನ ಭಾಗ್ಯ ಬಂದಿತೆಂದು ಸಂತೋಷಪಡಬೇಕೋ, ಉಣ್ಣುವವರು ಚೆದರಿಹೋದರಲ್ಲಾ ಎಂದು ಮರುಗಬೇಕೋ!

ಇಲ್ಲಿ ಕೊಳ್ಳುವವರು ಒಂದು ಕಟ್ಟಳೆಯನ್ನು ತಿಳಿದಿರುವುದು ಒಳ್ಳೆಯದು. ನೂರು ವರ್ಷಕ್ಕೆ ಮೇಲ್ಪಟ್ಟ ಕಲಾವಸ್ತುಗಳನ್ನು ೧೯೭೨ರ ಪುರಾವಸ್ತು ಶಾಸನವು ಪುರಾವಸ್ತುಗಳೆಂದು ಪರಿಗಣಿಸುತ್ತದೆ. ಖಾಸಗಿಯವರು ಅವನ್ನು ದೇಶದಿಂದಾಚೆಗೆ ಒಯ್ಯುವಂತಿಲ್ಲ. “ಇದು ಇನ್ನೂರು ವರ್ಷದ್ದು ಸ್ವಾಮಿ” ಎಂದು ಅಂಗಡಿಯಾತ ಆಣೆಯಿಟ್ಟು ಹೇಳಿದರೆ, ಪರದೇಶದಲ್ಲಿರುವ ಮಗನಿಗೆ ಅದನ್ನು ಕಳುಹಿಸುವ ಆಸೆ ಬಿಡಬೇಕು. ಕಳುಹಿಸಬಹುದೆಂದೂ ಅವನೇ ಹೇಳಿದರೆ ಎರಡು ಮಾತಿನಲ್ಲಿ ಒಂದು ಸುಳ್ಳೆಂದು ತಿಳಿಯಬೇಕು.

ಇನ್ನು ಫೋರ್ಟ್ ಕೊಚ್ಚಿಯ ಹೊಸ ಅಂಗಡಿಗಳು. ೨೦೧೨ರ ಡಿಸೆಂಬರ್ ೧೨ರಂದು ಕೊಚ್ಚಿ-ಮುಜಿರಿಸ್ ಬಿಯೆನಾಲೆ ಎಂಬ ಕಲಾಪ್ರದರ್ಶನ ಇಲ್ಲಿ ಮೊದಲಾಯಿತು. ಪೆಪ್ಪರ್ ಹೌಸ್, ಆಸ್ಪಿನ್‌ವಾಲ್ ಹೌಸ್ ಮುಂತಾದ ಹಳೆಯ ಸಾಂಬಾರ ಪದಾರ್ಥಗಳ ಉಗ್ರಾಣಗಳಲ್ಲಿ ಚಿತ್ರಗಳನ್ನೂ ಶಿಲ್ಪಗಳನ್ನೂ ಇಟ್ಟರು. ಆಸ್ಪಿನ್‌ವಾಲ್ ಕಂಪೆನಿಯ ಹೆಸರು ನಮ್ಮವರಿಗೆ ಹೊಸದಲ್ಲ. ಮಂಗಳೂರಿನಲ್ಲಿ ಮಳೆಗಾಳಿಗೆ ಕಾಫಿಬೀಜವನ್ನೊಡ್ಡಿ ಹದಮಾಡುವ ಅವರ ಕೆಲಸವನ್ನು ಬಲ್ಲವರು ಇಲ್ಲಿಯೂ ಇರಬಹುದು. ಕಲೆ ನೋಡಲು ಬಂದವರು ಬರಿಗೈಯಲ್ಲಿ ಹೋಗಲಾರರಷ್ಟೆ. ಸುತ್ತಣ ಗಲ್ಲಿಗಳಲ್ಲಿ ಇಬ್ಬರು ಮೂವರು ಯುವಕ ಯುವತಿಯರು ಸೇರಿ ನಡಸುವ ಅಂಗಡಿಗಳು ಕಾಣಸಿಗುತ್ತವೆ: ಒಂದರಲ್ಲಿ ಕೈಕಾಗದದ ಟಿಪ್ಪಣಿ ಪುಸ್ತಕ, ಇನ್ನೊಂದರಲ್ಲಿ ಮಣ್ಣಿನ ಬಟ್ಟಲು, ಮತ್ತೊಂದರಲ್ಲಿ ಕೈಮಗ್ಗದ ಬಟ್ಟೆಯ ಹೊಸ ತರಹೆಯ ಉಡುಪು. ಸರಕು ಸ್ವಲ್ಪ, ಸ್ಥಳ ಇನ್ನೂ ಸ್ವಲ್ಪ. ಅಂಗಡಿಯವರಿಗೆ ಮಾರುವ ಅವಸರವೂ ಇದ್ದಂತೆ ತೋರುವುದಿಲ್ಲ. ಬೆಲೆಯ ಚೀಟಿ ನೋಡಿದಾಗ ಮಾತ್ರ ಮೊಳಕಾಲು ತುಸು ನಡುಗುವುದುಂಟು!

ಮಲೆಯಾಳದ ಲಿಪಿಯನ್ನೇ ಅಲಂಕಾರವಾಗಿ ಬರೆದ ಚೀಲಗಳನ್ನೂ ಬಟ್ಟಲುಗಳನ್ನೂ ಕೊಚ್ಚಿಯಲ್ಲಿ ನೋಡಿದೆವು. ಶಾಲೆಯ ಮೊದಲನೆಯ ಪುಸ್ತಕದ ‘ಅ’ ‘ಆ’ಗಳು ಚೀಲದ ಮೇಲೆ ಏರಿ ಕುಳಿತು ನಗುತ್ತಿರುತ್ತವೆ. ಕನ್ನಡದ ಅಕ್ಷರಗಳು ದುಂಡುತನದಲ್ಲಿ ಮಲೆಯಾಳಕ್ಕೆ ಸೋಲುವಂಥವಲ್ಲ; ಬೆಂಗಳೂರಿನಲ್ಲಿ ಕನ್ನಡ ಬರೆಹದ ಅಂಗಿಗಳು ಈಗ ಬೇಕಾದಷ್ಟು ದೊರೆಯುತ್ತವೆ. ಅಕ್ಷರವನ್ನು ಹಾಳೆಯಿಂದಿಳಿಸಿ ಬಳಕೆಯ ವಸ್ತುವಿನ ಮೇಲೆ ಕೂರಿಸುವುದು ಹುಡುಗಾಟವೆಂದು ಹಿರಿಯರು ಮೂಗು ಮುರಿಯಬಾರದು. ಊರು ಬಿಟ್ಟು ಬೆಳೆದ ಮಕ್ಕಳು ಪುಸ್ತಕ ತೆರೆಯುವ ಮೊದಲು ಚೀಲವನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಂದಲಾದರೂ ಅಕ್ಷರದ ಗುರುತಾಗಲಿ.

ಇಂಥ ಅಂಗಡಿಗಳಲ್ಲಿ ಕಾಣಬಹುದಾದ ಒಂದು ಚಿಕ್ಕ ಬೊಂಬೆಯ ಕಥೆಯನ್ನು ತಾವು ಕೇಳಲೇಬೇಕು. ಎರ್ನಾಕುಳಂ ಜಿಲ್ಲೆಯ ಚೇಂದಮಂಗಲವು ನೇಕಾರರ ಊರು. ಅಲ್ಲಿಯ ಧೋತ್ರ ಮತ್ತು ಮುಂಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ೨೦೧೮ರ ಆಗಸ್ಟಿನಲ್ಲಿ ಪ್ರವಾಹ ಬಂದಾಗ ಓಣಂ ಹಬ್ಬ ಹತ್ತಿರದಲ್ಲಿದ್ದಿತು. ವರ್ಷದ ವ್ಯಾಪಾರವೆಲ್ಲ ಆ ಹಬ್ಬದ ಮೇಲೆ ನಿಂತದ್ದು. ನೇಯ್ದಿಟ್ಟ ಸೀರೆಗಳು ಕೆಸರಿನಲ್ಲಿ ಮುಳುಗಿದುವು. ಗುಳಿಯ ಮಗ್ಗಗಳಲ್ಲಿ ಹೂಳು ತುಂಬಿತು. ಕಲೆಯಾದ ಬಿಳಿಯ ಬಟ್ಟೆಯನ್ನು ಯಾರು ಕೊಳ್ಳುವರು? ಸುಡುವುದೊಂದೇ ದಾರಿಯೆಂದು ತೋರಿತು. ಆಗ ಲಕ್ಷ್ಮೀ ಮೇನೋನ್, ಗೋಪಿನಾಥ್ ಪಾರಯಿಲ್ ಎಂಬಿಬ್ಬರು ಮುಂದೆ ಬಂದರು. ಆ ಬಟ್ಟೆಗಳನ್ನು ಕ್ಲೋರಿನ್ ಹಾಕಿ ಶುದ್ಧಿಮಾಡಿ, ಕುದಿಸಿ, ತುಂಡರಿಸಿ, ಗಂಟುಹಾಕಿ ಗೊಂಬೆಗಳನ್ನು ಮಾಡಿಸಿದರು. ‘ಚೇಕುಟ್ಟಿ’ ಎಂದು ಹೆಸರಿಟ್ಟರು. ಕುಟ್ಟಿಯೆಂದರೆ ಮಗು. ಚೇರಿನಿಂದ, ಎಂದರೆ ಕೆಸರಿನಿಂದ, ಎದ್ದುಬಂದ ಮಗು. ಚೇಂದಮಂಗಲದ ಮಗುವೂ ಹೌದು. ಮುಖದ ಮೇಲಿನ ಕಲೆಯನ್ನು ಮುಚ್ಚಲಿಲ್ಲ.

ಲೆಕ್ಕವನ್ನೂ ಕೇಳಿ. ೧,೩೦೦ ರೂಪಾಯಿನ ಒಂದು ಸೀರೆಯಿಂದ ೩೬೦ ಬೊಂಬೆಗಳಾದುವು. ಒಂದಕ್ಕೆ ೨೫ ರೂಪಾಯಿನಂತೆ ೯,೦೦೦ ರೂಪಾಯಿ. ಶಾಲೆಯ ಮಕ್ಕಳು, ಗೃಹಿಣಿಯರು, ಕಛೇರಿಯ ನೌಕರರು ಬೊಂಬೆ ಕಟ್ಟುವ ಕೆಲಸಕ್ಕೆ ಕೈಕೊಟ್ಟರು. ಬಂದ ಹಣ ನೇಕಾರರ ಸಂಘಕ್ಕೆ ಹೋಯಿತು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಆ ಬೊಂಬೆಯ ಸೌಂದರ್ಯವನ್ನು ಮಾತ್ರ ನೋಡಿದರೆ ಅದೊಂದು ಬಟ್ಟೆಯ ಗಂಟು. ಅದರ ಹಿಂದಿನ ಮಾತನ್ನು ಕೇಳಿದವರು ೨೫ ರೂಪಾಯನ್ನು ಸಂತೋಷದಿಂದ ಕೊಟ್ಟರು.

ಹಾಗೆಯೇ ತಿರುವನಂತಪುರಕ್ಕೆ ಬರೋಣ. ಅಲ್ಲಿಯ ಚಾಲೆ ಬಜಾರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ದಿವಾನ ರಾಜಾ ಕೇಶವದಾಸರು ನೆಲೆಗೊಳಿಸಿದ ಪೇಟೆ. ಹಗ್ಗ, ಹೂವು, ಹಿತ್ತಾಳೆ, ಬೆಲ್ಲ, ಬೀಗ, ಬುಟ್ಟಿ, ಎಲ್ಲವೂ ಒಂದರ ಪಕ್ಕದಲ್ಲೊಂದು. ನಗರದ ಮಧ್ಯದಲ್ಲಿ ಶ್ರೀಮೂಲಂ ಮಹಾರಾಜರ ಷಷ್ಟ್ಯಬ್ದಪೂರ್ತಿಯ ಸ್ಮಾರಕವಾದ ಕರಕೌಶಲ ಸಂಸ್ಥೆಯಿದೆ. ಅಲ್ಲಿ ದಂತದಂತೆ ನಯವಾದ ಮರದ ಕೆತ್ತನೆ, ತೆಂಗಿನ ಚಿಪ್ಪಿನ ಕೆಲಸ, ನಾರಿನ ಚಾಪೆಗಳನ್ನು ಸಾವಕಾಶವಾಗಿ ನೋಡಬಹುದು. ನಗರದ ದಕ್ಷಿಣಕ್ಕೆ ಬಲರಾಮಪುರಂ. ೧೭೯೮ರಿಂದ ೧೮೧೦ರವರೆಗೆ ಆಳಿದ ಬಲರಾಮವರ್ಮ ಮಹಾರಾಜರ ಕಾಲದಲ್ಲಿ ತಮಿಳು ಸೀಮೆಯಿಂದ ಕರೆತಂದ ಶಾಲಿಯ ನೇಕಾರರ ಊರು. ಗುಳಿಯಲ್ಲಿ ಕಾಲಿಳಿಸಿ ಕುಳಿತು, ಲಾಳಿಯನ್ನು ಕೈಯಿಂದಲೇ ಎಸೆದು ನೇಯುವುದು ಅವರ ಕ್ರಮ. ಹಾಲಿನಂಥ ಬಿಳುಪಿನ ಮೇಲೆ ಕಸವಿನ ಅಂಚು, ಬೇರೆ ಆಡಂಬರವಿಲ್ಲ.

ಆದರೆ ಅದೇ ಬಿಳುಪು, ಅದೇ ಅಂಚನ್ನು ವಿದ್ಯುತ್ ಮಗ್ಗವು ಕ್ಷಣಮಾತ್ರದಲ್ಲಿ ಮಾಡಿ ಹಾಕುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣದು, ಬೆಲೆಯಲ್ಲಿ ಕಾಣುವುದು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಶಾಸನ ೧೯೮೫ರಲ್ಲಿ ಬಂದಿತು; ನಿಜವಾದ ಕೈಮಗ್ಗದ ಬಟ್ಟೆಗೆ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಮುದ್ರೆ ೨೦೦೬ರಲ್ಲಿ ಬಂದಿತು. ಶಾಸನವೂ ಮುದ್ರೆಯೂ ಒಳ್ಳೆಯವೇ. ಆದರೆ ಕೊಳ್ಳುವವನು ಮುದ್ರೆಯನ್ನು ತಿರುಗಿಸಿ ನೋಡದಿದ್ದರೆ ಶಾಸನ ಏನು ಮಾಡೀತು?

ಸತ್ಯಪರೀಕ್ಷೆಯ ವಿಷಯದಲ್ಲಿ ಆರನ್ಮುಳದ ಕನ್ನಡಿ ನಮಗೊಂದು ಪಾಠ ಹೇಳುತ್ತದೆ. ಮಲೆಯಾಳದಲ್ಲಿಯೂ ಅದು ಕಣ್ಣಾಡಿಯೇ. ಮಾತು ನಮಗೂ ಅವರಿಗೂ ಒಂದೇ. ಪತ್ತನಂತಿಟ್ಟ ಜಿಲ್ಲೆಯ ಆರನ್ಮುಳದಲ್ಲಿ ಕೆಲವೇ ಮನೆತನಗಳವರು ತಾಮ್ರ ತವರಗಳನ್ನು ಬೆರಸಿ ಎರಕಹೊಯ್ದು, ದಿನಗಟ್ಟಲೆ ತಿಕ್ಕಿ ಹೊಳಪು ಬರಿಸಿ ಇದನ್ನು ಮಾಡುವರು. ಬೆರಕೆಯ ಪ್ರಮಾಣ ಮನೆತನದ ಗುಟ್ಟು. ಸಾಮಾನ್ಯ ಗಾಜಿನ ಕನ್ನಡಿಗೆ ಬೆರಳು ತಾಗಿಸಿದರೆ ಬೆರಳಿಗೂ ಅದರ ಬಿಂಬಕ್ಕೂ ನಡುವೆ ಗಾಜಿನ ದಪ್ಪದಷ್ಟು ಅಂತರ ಕಾಣುವುದು. ಏಕೆಂದರೆ ಬಿಂಬ ಮೂಡುವುದು ಗಾಜಿನ ಹಿಂಬದಿಯಲ್ಲಿ. ಆರನ್ಮುಳದ ಲೋಹದ ಕನ್ನಡಿಯಲ್ಲಿ ಬಿಂಬ ಮೇಲ್ಮೈಯಲ್ಲೇ ಮೂಡುವುದರಿಂದ ಬೆರಳ ತುದಿಗೆ ಬಿಂಬದ ತುದಿ ತಾಗುತ್ತದೆ. ಅಂತರವಿದ್ದರೆ ನಕಲಿ, ಇಲ್ಲದಿದ್ದರೆ ಅಸಲಿ. ಮಾರುವವನಿಗೂ ಮಾಡಿದವನಿಗೂ ನಡುವೆ ಅಂತರ ಎಷ್ಟಿದೆಯೆಂದು ನೋಡುವುದೂ ಹೀಗೆಯೇ ಒಂದು ಪರೀಕ್ಷೆ.

ಆ ಪರೀಕ್ಷೆಗೆ ಮೂರು ಪ್ರಶ್ನೆಗಳು ಸಾಕು. ಇದನ್ನು ಮಾಡಿದವರು ಯಾರು? ಯಾವುದರಿಂದ ಮಾಡಿದರು? ಮುರಿದರೆ, ಹರಿದರೆ, ಯಾರಲ್ಲಿಗೆ ಹೋಗಬೇಕು? ಒಳ್ಳೆಯ ಸಣ್ಣ ಅಂಗಡಿಯವರು ಮೂರಕ್ಕೂ ಉತ್ತರ ಹೇಳುವರು. ಹೇಳುವಾಗ ಅವರ ಮುಖ ಅರಳುವುದು. ಉತ್ತರ ತಡವರಿಸಿದರೆ, ಅಂಗಡಿ ಎಷ್ಟೇ ಚೆಂದವಾಗಿರಲಿ, ದೀಪ ಎಷ್ಟೇ ಮಂದವಾಗಿರಲಿ, ಅಲ್ಲಿ ನಾವು ಕೊಡುವುದು ದೀಪಕ್ಕೆ ಬಾಡಿಗೆ. ಇಂಥ ಅಂಗಡಿಗಳಲ್ಲೆಲ್ಲ ಧರ್ಮವೇ ತುಂಬಿದೆಯೆಂದು ನಾವು ಹೇಳುತ್ತಿಲ್ಲ. ‘ಕೈಯಿಂದ ಮಾಡಿದ್ದು’ ಎಂಬ ಮಾತು ಬೆಲೆ ಏರಿಸುವ ಮಂತ್ರವೂ ಆಗಬಹುದು. ಕುಶಲಕರ್ಮಿಗೆ ಕಾಸು ಕೊಟ್ಟು ಗಿರಾಕಿಯಿಂದ ರೂಪಾಯಿ ಪಡೆಯುವವರೂ ಇರಬಹುದು. ಪ್ರಶ್ನೆ ಕೇಳಬೇಕಾದದ್ದು ಆ ಕಾರಣದಿಂದಲೇ.

ಚೌಕಾಶಿಯ ಮಾತನ್ನೂ ಹೇಳಿಬಿಡುತ್ತೇವೆ. ಚಿನ್ನದಂಗಡಿಯಲ್ಲಿ ಮಜೂರಿ ಇಷ್ಟೆಂದು ಹೇಳಿದರೆ ಲೋಕವು ತಲೆಯಾಡಿಸಿ ಕೊಡುತ್ತದೆ. ಔಷಧದ ಅಂಗಡಿಯಲ್ಲಿ ಬಾಯಿ ತೆರೆಯುವುದಿಲ್ಲ. ನೇಕಾರನ, ಕುಂಬಾರನ, ಬುಟ್ಟಿ ಹೆಣೆಯುವವಳ ಮುಂದೆ ಮಾತ್ರ ಎಲ್ಲರೂ ಅರ್ಥಶಾಸ್ತ್ರಜ್ಞರು! ಮುಖ ಕಾಣದ ಮಾರಾಟಗಾರನಿಗೆ ಕೇಳಿದಷ್ಟು ಕೊಟ್ಟು, ಮುಖ ಕಾಣುವವನೊಡನೆ ಹತ್ತು ರೂಪಾಯಿಗೆ ಜಗಳವಾಡುವುದು ನ್ಯಾಯವೇ? ಬೆಲೆ ಹೆಚ್ಚೆನಿಸಿದರೆ ಕೊಳ್ಳದೆ ಬರಬಹುದು. ಎರಡು ಕೊಳ್ಳುವಲ್ಲಿ ಒಂದು ಕೊಳ್ಳಬಹುದು. ಆದರೆ ಕೂಲಿಯನ್ನು ಕಿತ್ತುಕೊಂಡು ತಂದ ವಸ್ತು ಮನೆಯಲ್ಲಿ ಶೋಭಿಸುವುದಿಲ್ಲ.

ಇಷ್ಟು ಕೇರಳದ ಮಾತಾಯಿತು. ಇನ್ನು ನಮ್ಮ ಮನೆಯ ಮಾತು. ಈ ದೇಶದ ಕರಕೌಶಲಕ್ಕೆ ಅಂಗಡಿಯ ಬಾಗಿಲು ತೆರೆಸಿದವರಲ್ಲಿ ಅಗ್ರಗಣ್ಯರು ಕಮಲಾದೇವಿ ಚಟ್ಟೋಪಾಧ್ಯಾಯರು. ೧೯೦೩ರ ಏಪ್ರಿಲ್ ೩ರಂದು ಅವರು ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ೧೯೩೦ರ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಮುಂಬಯಿಯ ಷೇರು ಪೇಟೆಗೇ ನುಗ್ಗಿ ಉಪ್ಪಿನ ಪೊಟ್ಟಣಗಳನ್ನು ಮಾರಿದ ಧೀರೆ ಅವರು. ೧೯೫೨ರಲ್ಲಿ ಅಖಿಲ ಭಾರತ ಕರಕೌಶಲ ಮಂಡಲಿಯ ಅಧ್ಯಕ್ಷಿಣಿಯಾಗಿ, ಹಳ್ಳಿ ಹಳ್ಳಿ ತಿರುಗಿ, ನಿಂತುಹೋಗುತ್ತಿದ್ದ ಕಸುಬುಗಳನ್ನು ಹುಡುಕಿ ತೆಗೆದು, ಅವಕ್ಕೆ ಪಟ್ಟಣದಲ್ಲಿ ಗಿರಾಕಿಗಳನ್ನು ದೊರಕಿಸಿದರು. ೧೯೬೬ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು, ೧೯೮೮ರಲ್ಲಿ ತೀರಿಕೊಂಡರು. ಉಪ್ಪಿನ ಪೊಟ್ಟಣವನ್ನು ಮಾರಿದ ಕೈಯೇ ನೇಕಾರನ ಸೀರೆಯನ್ನೂ ಮಾರಿತೆಂಬುದನ್ನು ಗಮನಿಸಬೇಕು. ಎರಡರಲ್ಲಿಯೂ ತತ್ತ್ವ ಒಂದೇ: ಯಾರು ಮಾಡಿದ್ದನ್ನು ಯಾರಿಂದ ಕೊಳ್ಳುತ್ತೇವೆಂಬುದು ಸಣ್ಣ ವಿಷಯವಲ್ಲ.

ಅವರ ನಾಡಿನವರಾದ ನಮಗೆ ಕೊರತೆಯೇನಿದೆ? ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹತ್ತಿಸಿದ ಚನ್ನಪಟ್ಟಣದ ಬೊಂಬೆಗಳಿವೆ. ಸತು ತಾಮ್ರಗಳ ಎರಕದಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಬಿದರಿ ಕೆಲಸವಿದೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನರು ೧೯೯೬ರಲ್ಲಿ ಕಟ್ಟಿದ ‘ಚರಕ’ ಎಂಬ ಮಹಿಳೆಯರ ಸಹಕಾರ ಸಂಘವು ಅಡಿಕೆಯ ಚೊಗರಿನ ಬಣ್ಣವನ್ನು ಬಟ್ಟೆಗೆ ಹಾಕಿ ತೋರಿಸಿತು; ‘ದೇಸಿ’ ಎಂಬ ಅಂಗಡಿಗಳು ಅದನ್ನು ಪಟ್ಟಣಕ್ಕೆ ತಂದುವು. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ನೇಯುವ ಹತ್ತಿಯ ಸೀರೆಗೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅದನ್ನು ಉಡುವ ಹೆಣ್ಣುಮಕ್ಕಳು ಕನ್ನಡ, ತುಳು, ಮಲೆಯಾಳ ಎಲ್ಲವನ್ನೂ ಆಡುತ್ತಾರೆ. ಗಡಿಯ ವ್ಯಾಜ್ಯ ಸೀರೆಯ ಅಂಚಿಗೆ ತಾಗಿಲ್ಲ.

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ಎಲ್ಲ ಕಾಲಕ್ಕೂ ಸಲ್ಲುವ ಗಾದೆ. ಹೊರನಾಡಿನ ಮಕ್ಕಳಿಗೆ ಚನ್ನಪಟ್ಟಣವೆಂಬುದು ರೈಲಿನ ಕಿಟಕಿಯಿಂದ ಕಂಡು ಮರೆಯಾಗುವ ಒಂದು ಹಲಗೆ. ಆದುದರಿಂದ ನಮ್ಮ ಸಲಹೆ ಇಷ್ಟೆ. ಸಂಘ ಸಂಸ್ಥೆಗಳು ಸ್ಪರ್ಧೆಗಳಲ್ಲಿ ಗೆದ್ದವರಿಗೆ ಹೊಳೆಯುವ ಪ್ಲಾಸ್ಟಿಕ್ಕಿನ ಗೋಪುರಗಳನ್ನು ಕೊಡುವುದು ಎಲ್ಲೆಲ್ಲಿಯೂ ರೂಢಿಯಾಗಿದೆ. ಆರು ತಿಂಗಳಲ್ಲಿ ಅವು ಅಟ್ಟ ಸೇರುತ್ತವೆ. ಮುಂದಿನ ರಾಜ್ಯೋತ್ಸವಕ್ಕೆ ನಮ್ಮ ಸಂಘವು ಬಹುಮಾನಗಳಲ್ಲಿ ಅರ್ಧವನ್ನು ಕರ್ನಾಟಕದ ಕುಶಲಕರ್ಮಿಗಳಿಂದಲೂ ಇನ್ನರ್ಧವನ್ನು ಇಲ್ಲಿಯ ಚೇಂದಮಂಗಲ, ಬಲರಾಮಪುರಗಳವರಿಂದಲೂ ನೇರವಾಗಿ ತರಿಸಲಿ. ಒಂದೊಂದರ ಜೊತೆಗೂ ಒಂದು ಚೀಟಿ ಇರಲಿ: ಇದು ಯಾವ ಊರಿನದು, ಯಾವುದರಿಂದ ಮಾಡಿದ್ದು, ಮಾಡಿದವರು ಯಾರು. ಚೀಟಿಯನ್ನು ಒಂದು ಮಗ್ಗುಲಲ್ಲಿ ಕನ್ನಡದಲ್ಲಿಯೂ ಇನ್ನೊಂದರಲ್ಲಿ ಮಲೆಯಾಳದಲ್ಲಿಯೂ ನಮ್ಮ ಮಕ್ಕಳೇ ಬರೆಯಲಿ. ಸಂಘದ ಕೋಣೆಯಲ್ಲಿ ಒಂದು ಗಾಜಿನ ಬೀರುವನ್ನಿಟ್ಟು ಅಂಥ ಹತ್ತು ವಸ್ತುಗಳನ್ನು ಸದಾ ಮಾರಾಟಕ್ಕಿಟ್ಟರೆ ಅದೂ ಒಂದು ಅಂಗಡಿಯೇ ಆಯಿತು. ಇದಕ್ಕೆ ದೊಡ್ಡ ಬಂಡವಾಳ ಬೇಡ. ಪತ್ರ ಬರೆಯುವ ಒಬ್ಬರು, ಲೆಕ್ಕ ಇಡುವ ಒಬ್ಬರು ಸಾಕು.

ಬಂದರಿನ ಹಡಗುಗಳು ಟನ್ನಿನ ಲೆಕ್ಕದಲ್ಲಿ ಬರಲಿ, ಹೋಗಲಿ. ನಾಡಿನ ಸಂಪತ್ತು ಹೆಚ್ಚಲಿ. ಅದರ ಪಕ್ಕದಲ್ಲಿ ಗೇಣಿನ ಲೆಕ್ಕದ ಅಂಗಡಿಗಳಿಗೂ ಬಾಗಿಲು ತೆರೆದಿಡುವಷ್ಟು ವ್ಯಾಪಾರ ನಮ್ಮಂಥವರ ಕೈಯಿಂದ ನಡೆಯಲಿ. ಈ ಸಲಹೆಯನ್ನು ಸಂಘದ ಕಾರ್ಯಕಾರಿ ಸಮಿತಿಯವರು ಮುಂದಿನ ಸಭೆಯಲ್ಲಿಯೇ ಪರಿಶೀಲಿಸುವರೆಂದು ನಂಬಿ, ನಮ್ಮ ಮಾತನ್ನು ಮುಗಿಸುತ್ತೇವೆ.